ಗಾಜಿನ ಗೋಡೆಗೆ ಎಣ್ಣೆ ಬೇಕೋ ನೀರು ಬೇಕೋ: ತುಮಕೂರಿನಲ್ಲಿ ಹನಿ ಮತ್ತು ಪೊರೆಚೀಲ ಮಾಡಿದ ಅನುಭವ

ಮೈಕ್ರೋಫ್ಲೂಯಿಡಿಕ್ಸ್, ಅಂದರೆ ಕೂದಲೆಳೆಯಂಥ ಕಾಲುವೆಗಳಲ್ಲಿ ದ್ರವ ಹರಿಸುವ ವಿದ್ಯೆ, ಅಂದ ಕೂಡಲೇ ಕ್ಲೀನ್ ರೂಮ್ (ಧೂಳು ಬರದಂಥ ವಿಶೇಷ ಕೋಣೆ) ಬೇಕು, ದುಬಾರಿ ಮೆಷಿನ್ ಬೇಕು, ತುಮಕೂರಿನಂಥ ಊರಲ್ಲಿ ಆಗುವ ಕೆಲಸ ಅಲ್ಲ ಅನ್ನುವ ಮಾತು ಬರುತ್ತದೆ. ಆಗುತ್ತದೆ. ನಾವು ಮಾಡಿದ್ದೇವೆ. ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗಕ್ಕಿಂತ ಸಣ್ಣ ದಾರಿಯಲ್ಲಿ ನೀರು, ಎಣ್ಣೆ ಹರಿಸಿ ಒಂದೇ ಅಳತೆಯ ಹನಿಗಳನ್ನು ಮಾಡಿದೆವು. ಆಮೇಲೆ ಜೀವಕೋಶದ ಹೊರಪೊರೆಯಂಥದೇ ಪೊರೆ ಇರುವ ಪುಟ್ಟ ಚೀಲಗಳನ್ನು, ಅಂದರೆ ವೆಸಿಕಲ್‌ಗಳನ್ನು ಮಾಡಿದೆವು. ಪೇಪರ್‌ಗಳಲ್ಲಿ ಇದನ್ನೆಲ್ಲ ಮಾಡುವ ವಿಧಾನ ಒಂದೇ ಪ್ಯಾರಾದಲ್ಲಿ ಮುಗಿದುಹೋಗಿರುತ್ತದೆ. ಕೈಗೆ ಬೇಕಾದ ವಿಷಯ ಅದರಲ್ಲಿ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮಗೆ ಇದು ಯಾಕೆ ಬೇಕಾಯಿತು ಅಂದರೆ, ನಮ್ಮ ಜಿಲ್ಲೆಯ ಪಾವಗಡದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ ಅಂತ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನದಂಡ ಇದೆ. ಫ್ಲೋರೈಡ್ ಸಿಕ್ಕಾಗ ಮಾತ್ರ ಆನ್ ಆಗುವ ಆರ್‌ಎನ್‌ಎ ಸ್ವಿಚ್ ಪ್ರಕೃತಿಯಲ್ಲೇ ಇದೆ, ಬ್ಯಾಕ್ಟೀರಿಯಾಗಳು ಅದನ್ನು ಬಳಸುತ್ತವೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಆ ಸ್ವಿಚ್ಚನ್ನು ಲಿಪಿಡ್ (ಕೊಬ್ಬಿನ ಜಾತಿಯ ಅಣು) ಚೀಲದೊಳಗೆ ತುಂಬಿ, ಹೊರಗಿನ ನೀರಲ್ಲಿರುವ ಫ್ಲೋರೈಡನ್ನು ಒಳಗಿಂದಲೇ ಗುರುತಿಸಬಹುದು ಅಂತ ತೋರಿಸಿದ್ದಾರೆ. ನಮ್ಮ ಗೈಡ್ ಮೇಡಂ ಆ ಪೇಪರ್ ಓದಿ, "ಮೊದ್ಲು ಚೀಲ ಮಾಡೋದನ್ನ ಸರಿಯಾಗಿ ಕಲಿಯೋಣಮ್ಮ, ತುಂಬೋದು ಆಮೇಲೆ" ಅಂದರು. ಶುರುವಾದದ್ದು ಹಾಗೆ.

ಚೀಲಕ್ಕಿಂತ ಮೊದಲು ಹನಿ. ಬರೀ ಹನಿಯೇ ಒಂದು ದೊಡ್ಡ ವಿಷಯ. ಈಗ ಡಿಎನ್‌ಎ ಎಣಿಸುವ ಡಿಜಿಟಲ್ ಪಿಸಿಆರ್ ಅನ್ನುವ ಪರೀಕ್ಷೆಯಲ್ಲಿ ಒಂದು ಸ್ಯಾಂಪಲ್ಲನ್ನು ಸುಮಾರು 20,000 ಹನಿಗಳಾಗಿ ಒಡೆದು, ಪ್ರತಿ ಹನಿಯನ್ನೂ ಒಂದೊಂದು ಪರೀಕ್ಷಾ ನಳಿಕೆಯಂತೆ ಬಳಸುತ್ತಾರೆ. ಹನಿಗಳೆಲ್ಲ ಒಂದೇ ಅಳತೆ ಇದ್ದರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ. ನೀರು, ಎಣ್ಣೆ ಸೇರಿಸಿ ಬಾಟಲಿಯಲ್ಲಿ ಕುಲುಕಿದರೂ ಹನಿ ಬರುತ್ತದೆ, ಆದರೆ ಒಂದು ದೊಡ್ಡದು, ಒಂದು ಚಿಕ್ಕದು.

ಹನಿ ಮಾಡುವ ಚಿಪ್ಪಿಗೆ, ಅಂದರೆ ಸಣ್ಣ ಕಾಲುವೆಗಳಿರುವ ತುಂಡಿಗೆ (ಇಂಗ್ಲಿಷಿನ ಚಿಪ್), ನಾವು ಪಿಡಿಎಂಎಸ್ ಅನ್ನುವ ಸಿಲಿಕೋನ್ ರಬ್ಬರ್ ಬಳಸಿದೆವು. ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 1990ರ ದಶಕದಲ್ಲಿ ಈ ದಾರಿಯನ್ನು ಎಲ್ಲರಿಗೂ ಸುಲಭ ಮಾಡಿಕೊಟ್ಟಿತು. ಸಿಲಿಕಾನ್ ಬಿಲ್ಲೆಯ ಮೇಲೆ ಉಬ್ಬು ಗೆರೆಗಳ ಅಚ್ಚು ಮಾಡಬೇಕು, ಅದಕ್ಕೆ ರಬ್ಬರ್ ಸುರಿದು ಗಟ್ಟಿಯಾದ ಮೇಲೆ ಕಿತ್ತರೆ ಗೆರೆಗಳೆಲ್ಲ ಕಾಲುವೆಗಳಾಗಿ ಸಿಗುತ್ತವೆ. ಅಚ್ಚಿಗೆ ಮಾತ್ರ ಕ್ಲೀನ್ ರೂಮ್ ಬೇಕೇ ಬೇಕು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸೆನ್ಸ್ ಅನ್ನುವ ನ್ಯಾನೋ ವಿಜ್ಞಾನ ಕೇಂದ್ರ ಇದೆ, ಐಎನ್‌ಯುಪಿ ಅನ್ನುವ ಯೋಜನೆಯಡಿ ಹೊರಗಿನ ಕಾಲೇಜಿನವರಿಗೂ ಅಲ್ಲಿನ ಸೌಲಭ್ಯ ಸಿಗುತ್ತದೆ. ಸಣ್ಣ ಊರಿನ ವಿದ್ಯಾರ್ಥಿಗಳು ಇದನ್ನು ತಿಳಿದುಕೊಂಡಿರಬೇಕು, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಒಂದು ಅಚ್ಚು ಕೈಗೆ ಬಂದರೆ ಸಾಕು, ಅದರಿಂದ ಎಷ್ಟೋ ಚಿಪ್ಪುಗಳನ್ನು ನಮ್ಮ ಲ್ಯಾಬಿನಲ್ಲೇ ಎರಕ ಹೊಯ್ಯಬಹುದು.

ಎರಕದ ಕೆಲಸ ಸರಳ. 10 ಪಾಲು ಬೇಸ್, 1 ಪಾಲು ಗಟ್ಟಿ ಮಾಡುವ ದ್ರವ. ಚೆನ್ನಾಗಿ ಕಲಸಬೇಕು, ಕಲಸಿದಷ್ಟೂ ಗಾಳಿ ಗುಳ್ಳೆ ತುಂಬಿಕೊಳ್ಳುತ್ತದೆ, ಆಮೇಲೆ ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿಟ್ಟು ಗುಳ್ಳೆ ತೆಗೆಯಬೇಕು. 70 ಡಿಗ್ರಿ ಓವನ್‌ನಲ್ಲಿ ಕೆಲವು ಗಂಟೆ. ಬ್ಲೇಡಿನಿಂದ ಕತ್ತರಿಸಿ, ಚರ್ಮದ ಬಯಾಪ್ಸಿಗೆ ಬಳಸುವ ಪಂಚ್‌ನಿಂದ ಟ್ಯೂಬಿಗೆ ತೂತು ಮಾಡಿ, ಆಮ್ಲಜನಕದ ಪ್ಲಾಸ್ಮಾದಲ್ಲಿ (ವಿದ್ಯುತ್ತಿನಿಂದ ಹೊಳೆಯುವ ಅನಿಲದಲ್ಲಿ) ಹಿಡಿದು ಗಾಜಿನ ಸ್ಲೈಡಿಗೆ ಒತ್ತಿದರೆ ಎರಡೂ ಹತ್ತಿಕೊಂಡುಬಿಡುತ್ತವೆ, ಕಿತ್ತರೂ ಬರುವುದಿಲ್ಲ. ಧೂಳು ಮಾತ್ರ ನಿಜವಾದ ಕಾಟ. ನಮ್ಮ ಲ್ಯಾಬು ಬಿ.ಎಚ್. ರಸ್ತೆಯ ಕಡೆ ಮುಖ ಮಾಡಿದೆ, ಕಿಟಕಿ ಮುಚ್ಚಿದ್ದರೂ ಸಂಜೆ ಹೊತ್ತಿಗೆ ಮೇಜಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. 50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಕಾಲುವೆಯಲ್ಲಿ 30 ಮೈಕ್ರಾನಿನ ಒಂದು ಧೂಳಿನ ಕಣ ಕೂತರೆ ಆ ಚಿಪ್ಪು ಮುಗಿಯಿತು. ಹಾಗಾಗಿ ಬೆಳಿಗ್ಗೆ ಬೇಗ ಕೆಲಸ ಶುರು ಮಾಡುತ್ತಿದ್ದೆವು, ಚಿಪ್ಪಿನ ಮುಖದ ಮೇಲೆ ಪಾರದರ್ಶಕ ಟೇಪ್ ಹಚ್ಚಿ, ಅಂಟಿಸುವ ಹೊತ್ತಿಗೇ ಕೀಳುತ್ತಿದ್ದೆವು. ಫಿಲ್ಟರ್ ಮಾಡದ ಯಾವ ದ್ರವವೂ ಒಳಗೆ ಹೋಗುವಂತಿಲ್ಲ.

ಈಗ ಹನಿ ಹೇಗೆ ಆಗುತ್ತದೆ ಅಂತ ಹೇಳುತ್ತೇನೆ. ಫ್ಲೋ ಫೋಕಸಿಂಗ್ ಅನ್ನುವ ವಿನ್ಯಾಸದಲ್ಲಿ ಮಧ್ಯದ ಕಾಲುವೆಯಿಂದ ನೀರು ಬರುತ್ತದೆ, ಎರಡೂ ಪಕ್ಕದಿಂದ ಎಣ್ಣೆ ಬರುತ್ತದೆ, ಎಲ್ಲ ಸೇರಿ ಒಂದು ಕಿರಿದಾದ ಬಾಯಿಯೊಳಗೆ ನುಗ್ಗುತ್ತವೆ. ಅಲ್ಲಿ ಎಣ್ಣೆ ನೀರಿನ ಕತ್ತು ಹಿಸುಕಿ ತುಂಡು ಮಾಡುತ್ತದೆ. 2003ರಲ್ಲಿ ಶೆಲ್ಲಿ ಅನ್ನಾ, ನಥಾಲಿ ಬೊಂತೂ, ಹೊವಾರ್ಡ್ ಸ್ಟೋನ್ ಇದನ್ನು ಚಿಪ್ಪಿನೊಳಗೆ ಮಾಡಿ ತೋರಿಸಿದರು. ಅದಕ್ಕಿಂತ ಮೊದಲು, 2001ರಲ್ಲಿ, ಸ್ಟೀಫನ್ ಕ್ವೇಕ್ ಅವರ ತಂಡ ಟಿ ಆಕಾರದ ಕೂಡಿಕೆಯಲ್ಲಿ ಹನಿ ಮಾಡಿತ್ತು. ಎರಡು ಬಲಗಳ ಜಗಳ ಇದು. ಎಣ್ಣೆ ತನ್ನ ಹರಿವಿನ ಜೊತೆ ನೀರನ್ನು ಎಳೆದುಕೊಂಡು ಹೋಗಲು ನೋಡುತ್ತದೆ, ನೀರಿನ ಸರ್ಫೇಸ್ ಟೆನ್ಷನ್ ಅದನ್ನು ಗುಂಡಗೆ ಮಾಡಲು ನೋಡುತ್ತದೆ. ಈ ಎರಡರ ಅನುಪಾತಕ್ಕೆ ಕ್ಯಾಪಿಲರಿ ನಂಬರ್ ಅಂತಾರೆ. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದರೆ ಹನಿ ಹನಿಯಾಗಿ ಬೀಳುತ್ತದೆ, ಜಾಸ್ತಿ ತಿರುಗಿಸಿದರೆ ಧಾರೆ ಕಟ್ಟುತ್ತದೆ, ಆ ಧಾರೆ ಮುಂದೆ ಎಲ್ಲೋ ಹೇಗ್ಹೇಗೋ ಒಡೆಯುತ್ತದೆ, ಅಲ್ವಾ? ಇಲ್ಲೂ ಅದೇ. ನಮಗೆ ಬೇಕಾದದ್ದು ಬಾಯಿಯ ಹತ್ತಿರವೇ ತುಂಡಾಗುವ ಸ್ಥಿತಿ. ಧಾರೆ ಉದ್ದವಾಯಿತು ಅಂದರೆ ಹನಿಗಳ ಅಳತೆ ಕೆಡುತ್ತದೆ.

50 ಮೈಕ್ರಾನ್ ವ್ಯಾಸದ ಒಂದು ಹನಿಯಲ್ಲಿ ಸುಮಾರು 65 ಪಿಕೋಲೀಟರ್ ನೀರು ಹಿಡಿಯುತ್ತದೆ. ಒಂದು ಮಿಲಿಲೀಟರ್ ನೀರಿನಿಂದ ಒಂದೂವರೆ ಕೋಟಿ ಹನಿ. ಗಂಟೆಗೆ 50 ಮೈಕ್ರೋಲೀಟರ್ ನೀರು ಬಿಟ್ಟರೆ ಸೆಕೆಂಡಿಗೆ 200ಕ್ಕೂ ಜಾಸ್ತಿ ಹನಿ ಹುಟ್ಟುತ್ತವೆ. ನಮ್ಮ ಹತ್ತಿರ ಹೈ ಸ್ಪೀಡ್ ಕ್ಯಾಮೆರಾ ಇಲ್ಲ. ಮೈಕ್ರೋಸ್ಕೋಪಿನ ಕಣ್ಣಿಗೆ ಮೊಬೈಲ್ ಇಟ್ಟು ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ತೆಗೆಯುತ್ತೇವೆ, ಆ ವೇಗದಲ್ಲಿ ಕತ್ತು ಕತ್ತರಿಸುವುದು ಕಾಣುವುದೇ ಇಲ್ಲ. ಅದಕ್ಕೆ ಹರಿವನ್ನು ಗಂಟೆಗೆ 20 ಮೈಕ್ರೋಲೀಟರಿಗೆ ಇಳಿಸಿದೆವು. ಆಗ ಸೆಕೆಂಡಿಗೆ 85ರ ಆಸುಪಾಸು, ಪ್ರತಿ ಹನಿಗೂ ಎರಡು ಮೂರು ಫ್ರೇಮ್ ಸಿಗುತ್ತದೆ. ಅಷ್ಟು ಸಾಕು, ನಾಲಿಗೆಯಂತೆ ಚಾಚಿದ ನೀರು ಸಣ್ಣಗಾಗಿ, ದಾರವಾಗಿ, ಪಟ್ ಅಂತ ಬಿಟ್ಟುಕೊಳ್ಳುವುದು ಕಾಣುತ್ತದೆ.

ದ್ರವವನ್ನು ತಳ್ಳುವುದು ಸಿರಿಂಜ್ ಪಂಪ್, ಅಂದರೆ ಮೋಟಾರಿನಿಂದ ಸಿರಿಂಜ್ ಒತ್ತುವ ಯಂತ್ರ. ಅದರಲ್ಲಿ ಹರಿವನ್ನು ಬದಲಿಸಿದ ಕೂಡಲೇ ಏನೂ ಬದಲಾಗುವುದಿಲ್ಲ ಅನ್ನುವುದು ಗೊತ್ತಿರಬೇಕು. ಟ್ಯೂಬು ಹಿಗ್ಗುತ್ತದೆ, ರಬ್ಬರ್ ಚಿಪ್ಪು ಉಬ್ಬುತ್ತದೆ, ಸಿರಿಂಜಿನೊಳಗೆ ಒಂದು ಸಣ್ಣ ಗಾಳಿ ಗುಳ್ಳೆ ಇದ್ದರೆ ಅದು ಸ್ಪ್ರಿಂಗ್ ಥರ ಕುಗ್ಗುತ್ತದೆ. ಒತ್ತಡ ಒಂದು ಹದಕ್ಕೆ ಬರಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಮತ್ತೆ ಬಟನ್ ಒತ್ತಿದರೆ ಯಾವ ಬದಲಾವಣೆ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ. ಸಣ್ಣ ಸಿರಿಂಜ್ ಒಳ್ಳೆಯದು. ದೊಡ್ಡ ಸಿರಿಂಜಿನಲ್ಲಿ ಮೋಟಾರಿನ ಒಂದೊಂದು ಹೆಜ್ಜೆಯೂ ಹನಿಯ ಅಳತೆಯಲ್ಲಿ ಏರಿಳಿತವಾಗಿ ಕಾಣುತ್ತದೆ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ನೀರು ಎಣ್ಣೆ ಕಾಲುವೆಯೊಳಗೆ ಹಿಂದಕ್ಕೆ ಸರಿಯುತ್ತದೆ. ಕಂಪ್ಯೂಟರಿನ ಯುಪಿಎಸ್ಸನ್ನು ಪಂಪಿಗೆ ಕೊಟ್ಟ ಮೇಲೆ ಆ ಚಿಂತೆ ಹೋಯಿತು.

ಆದರೆ ಇದೆಲ್ಲಕ್ಕಿಂತ ಮುಖ್ಯ ಗೋಡೆ. ನಾನು ಈ ಬರಹದಲ್ಲಿ ಒಂದೇ ಒಂದು ವಿಷಯ ಹೇಳಬೇಕು ಅಂದರೆ ಇದನ್ನೇ ಹೇಳುತ್ತೇನೆ. ನೀರಿನ ಹನಿ ಎಣ್ಣೆಯೊಳಗೆ ಬೇಕಾದರೆ ಗೋಡೆ ಎಣ್ಣೆಯನ್ನು ಹಚ್ಚಿಕೊಳ್ಳಬೇಕು, ನೀರನ್ನು ದೂರ ಇಡಬೇಕು. ಎಣ್ಣೆಯ ಹನಿ ನೀರೊಳಗೆ ಬೇಕಾದರೆ ಉಲ್ಟಾ. ಪಿಡಿಎಂಎಸ್ ಸ್ವಭಾವತಃ ನೀರನ್ನು ದೂರ ಇಡುತ್ತದೆ, ಆದರೆ ಅಂಟಿಸಲು ಪ್ಲಾಸ್ಮಾ ಹಾಯಿಸಿದ ಮೇಲೆ ಅದೇ ಮೇಲ್ಮೈ ನೀರನ್ನು ಇಷ್ಟಪಡಲು ಶುರು ಮಾಡುತ್ತದೆ. ಹೊಸ ಚಿಪ್ಪಿಗೆ ನೀರು ಎಣ್ಣೆ ಬಿಟ್ಟಾಗ ನನ್ನ ಜೂನಿಯರ್ ಕೂಗಿದಳು, "ಅಕ್ಕಾ, ನೀರು ಗೋಡೆ ಹಿಡ್ಕೊಂಡ್ಬಿಡ್ತು, ಬಿಡ್ತಾನೇ ಇಲ್ಲ!" ಹನಿಯ ಬದಲು ಗೋಡೆಗುಂಟ ನೀರಿನ ಪಟ್ಟಿ ಹರಿಯುತ್ತಿತ್ತು. ಚಿಪ್ಪನ್ನು ಓವನ್‌ನಲ್ಲಿ ರಾತ್ರಿಯಿಡೀ ಬಿಟ್ಟರೆ ರಬ್ಬರಿನೊಳಗಿನ ಸಣ್ಣ ಅಣುಗಳು ಮೇಲೆ ಬಂದು ಹಳೆಯ ಸ್ವಭಾವ ಮರಳುತ್ತದೆ. ಅದೇ ಚಿಪ್ಪಿನಲ್ಲಿ ಮಾರನೇ ದಿನ ಹನಿ ಸಾಲಾಗಿ ಬಂತು. ವಿನ್ಯಾಸ ಬದಲಿಸಿಲ್ಲ, ಪಂಪ್ ಬದಲಿಸಿಲ್ಲ, ಗೋಡೆ ಮಾತ್ರ ಬದಲಾಗಿತ್ತು.

ವೆಸಿಕಲ್‌ಗೆ ಬಂದರೆ ಈ ಗೋಡೆಯ ವಿಷಯ ಎರಡು ಪಟ್ಟು ಕಷ್ಟ. ವೆಸಿಕಲ್ ಅಂದರೆ ಲಿಪಿಡ್ ಅಣುಗಳ ಎರಡು ಪದರ, ದಪ್ಪ ಬರೀ 4–5 ನ್ಯಾನೋಮೀಟರ್, ಒಳಗೂ ನೀರು ಹೊರಗೂ ನೀರು. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್, ಲೆಸಿಥಿನ್ ಅನ್ನುವ ಕೊಬ್ಬು ನೀರಿಗೆ ಬಿದ್ದರೆ ತಾನಾಗಿ ಇಂಥ ಚೀಲ ಕಟ್ಟಿಕೊಳ್ಳುತ್ತದೆ ಅಂತ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡರು. ಸುಮ್ನೆ ನೀರು ಹಾಕಿದರೂ ಚೀಲ ಆಗುತ್ತದೆ, ನಿಜ. ಆದರೆ ಅಳತೆ ನಮ್ಮ ಕೈಯಲ್ಲಿರುವುದಿಲ್ಲ, ಒಳಗೆ ತುಂಬಬೇಕಾದದ್ದರ ಬಹುಪಾಲು ಹೊರಗೇ ಉಳಿಯುತ್ತದೆ. ನಮಗೆ ಬೆಲೆಬಾಳುವ ಸ್ವಿಚ್ಚನ್ನು ಒಳಗೆ ತುಂಬಬೇಕು. ಅದಕ್ಕೆ ಡಬಲ್ ಎಮಲ್ಷನ್ ದಾರಿ: ನೀರಿನ ಹನಿ, ಅದರ ಸುತ್ತ ಲಿಪಿಡ್ ಕರಗಿಸಿದ ತೆಳುವಾದ ಎಣ್ಣೆಯ ಪದರ, ಅದರ ಹೊರಗೆ ಮತ್ತೆ ನೀರು. ಎಣ್ಣೆ ಹೊರಟುಹೋದರೆ ಲಿಪಿಡ್ ಪೊರೆ ಉಳಿಯುತ್ತದೆ. ಒಳಗಿನ ನೀರಿನಲ್ಲಿ ಹಾಕಿದ್ದು ಹೆಚ್ಚುಕಡಿಮೆ ಎಲ್ಲವೂ ಒಳಗೇ ಇರುತ್ತದೆ.

ಈ ಎಣ್ಣೆ ಅಂದರೆ ಕ್ಲೋರೋಫಾರ್ಮ್ ಮತ್ತು ಹೆಕ್ಸೇನ್ ಮಿಶ್ರಣ, ಪಿಡಿಎಂಎಸ್ ಅದನ್ನು ಕುಡಿದು ಊದಿಕೊಳ್ಳುತ್ತದೆ. ಹಾಗಾಗಿ ಗಾಜೇ ಗತಿ. 2005ರಲ್ಲಿ ಹಾರ್ವರ್ಡಿನ ಡೇವಿಡ್ ವೈಟ್ಜ್ ತಂಡ ತೋರಿಸಿದ ಗಾಜಿನ ಕ್ಯಾಪಿಲರಿ (ಸಣ್ಣ ನಳಿಕೆ) ಸಾಧನ ನನಗೆ ತುಂಬಾ ಇಷ್ಟ, ಅದರಲ್ಲಿ ಕ್ಲೀನ್ ರೂಮಿನ ಮಾತೇ ಇಲ್ಲ. ಚೌಕದ ಗಾಜಿನ ನಳಿಕೆ, ಒಳಗಿನ ಅಗಲ 1.05 ಮಿಲಿಮೀಟರ್. ಅದರೊಳಗೆ 1 ಮಿಲಿಮೀಟರ್ ಹೊರವ್ಯಾಸದ ಎರಡು ದುಂಡು ನಳಿಕೆ, ಎರಡರ ತುದಿಯೂ ಚೂಪು, ಎದುರುಬದುರು. ಒಂದರಿಂದ, ಅಂದರೆ ಒಳ ನಳಿಕೆಯಿಂದ, ಒಳಗಿನ ನೀರು ಬರುತ್ತದೆ, ಎಲ್ಲ ದ್ರವಗಳೂ ಸೇರಿ ಎದುರಿನ ನಳಿಕೆಯೊಳಗೆ ಹೋಗುತ್ತವೆ. ಚೌಕದೊಳಗೆ ದುಂಡು ನಳಿಕೆ ಸರಿಯಾಗಿ ಕೂರುವುದರಿಂದ ಎರಡೂ ತಾವಾಗಿಯೇ ಒಂದೇ ನೇರಕ್ಕೆ ಬರುತ್ತವೆ. ನಾಲ್ಕು ಮೂಲೆಯಲ್ಲಿ ಉಳಿದ ಜಾಗವೇ ಹೊರಗಿನ ದ್ರವಗಳ ದಾರಿ.

ಗಾಜು ಎಳೆಯುವ ಮೆಷಿನ್ ನಮ್ಮಲ್ಲಿಲ್ಲ. ಕೆಮಿಸ್ಟ್ರಿ ಲ್ಯಾಬಿನ ಬನ್ಸೆನ್ ಬರ್ನರ್ ಮೇಲೆ ಮಧ್ಯಕ್ಕೆ ಕಾಯಿಸಿ, ಉರಿಯಿಂದ ಹೊರಗೆ ತಂದು, ಒಂದೇ ಸಮನೆ ಎಳೆಯುತ್ತೇವೆ. ಚೂಪು ಬರುತ್ತದೆ, ಆದರೆ ಬಾಯಿ ಓರೆಕೋರೆ. ಅದನ್ನು ಬೇಕಾದ ಅಳತೆಗೆ ತೇಯಬೇಕು. ಇಲ್ಲಿ ಸಹಾಯಕ್ಕೆ ಬಂದವರು ನಮ್ಮ ಬೀದಿಯ ಅಂಕಲ್. ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನಾನು 100 ಮೈಕ್ರಾನ್ ಅಂತ ಗಾಬರಿಯಲ್ಲಿ ಹೇಳಿದರೆ ಅವರು, "ಪಾಯಿಂಟ್ ಒನ್ ಎಂಎಂ ತಾನೇ? ಬ್ಯಾಲೆನ್ಸ್ ವೀಲಿನ ಪಿವಟ್ಟೇ ಅಷ್ಟಿರುತ್ತಲ್ಲಮ್ಮ" ಅಂದರು. ಕಣ್ಣಿಗೆ ಲೂಪ್ (ವಾಚ್ ರಿಪೇರಿಯವರ ಭೂತಗನ್ನಡಿ) ಸಿಕ್ಕಿಸಿಕೊಂಡು, 2000 ನಂಬರಿನ ಎಮರಿ ಪೇಪರನ್ನು ನೀರಲ್ಲಿ ಒದ್ದೆ ಮಾಡಿ ಗಾಜಿನ ಮೇಲೆ ಹಾಸಿ, ನಳಿಕೆಯನ್ನು ನೆಟ್ಟಗೆ ಹಿಡಿದು ಬೆರಳಲ್ಲೇ ತಿರುಗಿಸುತ್ತಾ ತೇಯುತ್ತಾರೆ. ಒತ್ತುವುದೇ ಇಲ್ಲ, ನಳಿಕೆಯ ಭಾರ ಮಾತ್ರ. ನಾಲ್ಕು ಸುತ್ತಿಗೊಮ್ಮೆ ನಿಲ್ಲಿಸಿ, ಹಿಂದಿನಿಂದ ನೀರು ಹಾಯಿಸಿ ಪುಡಿ ತೆಗೆದು, ಮೈಕ್ರೋಸ್ಕೋಪ್ ಕೆಳಗೆ ಅಳತೆ. ಒಳ ನಳಿಕೆಯ ತುದಿ 50 ಮೈಕ್ರಾನ್ ಆಸುಪಾಸು, ಎದುರಿನದು 150. ಎಳೆದ ತುದಿ ಸೀಳು ಬಿಡದೆ ಇಷ್ಟು ಚೊಕ್ಕಟವಾಗಿ ಬರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಈ ಊರಲ್ಲಿ ಇಂಥ ಕೈಗಳು ಇನ್ನೂ ಇವೆ, ಲ್ಯಾಬುಗಳು ಅವರನ್ನು ಹುಡುಕಿಕೊಂಡು ಹೋಗಬೇಕು.

ಆಮೇಲೆ ಗೋಡೆಯ ಕೆಲಸ. ಒಳ ನಳಿಕೆಯ ತುದಿಗೆ ಎಣ್ಣೆ ಹತ್ತಬೇಕು, ಹಾಗಾಗಿ ಅದನ್ನು ಸಿಲೇನ್ ಅನ್ನುವ, ಉದ್ದ ಬಾಲದ ಅಣುಗಳ ರಾಸಾಯನಿಕದ ದ್ರಾವಣದಲ್ಲಿ ಅದ್ದಿ ನೀರು ತಾಗದಂತೆ ಮಾಡುತ್ತೇವೆ. ಎದುರಿನ ನಳಿಕೆಗೆ ನೀರು ಹತ್ತಬೇಕು, ಅದನ್ನು ಚೆನ್ನಾಗಿ ತೊಳೆದು ಹಾಗೇ ಬಿಡುತ್ತೇವೆ, ಶುದ್ಧ ಗಾಜು ನೀರನ್ನು ಇಷ್ಟಪಡುತ್ತದೆ. ಎರಡೂ ನಳಿಕೆಯನ್ನು ಒಂದೇ ತಟ್ಟೆಯಲ್ಲಿ ಇಡಬಾರದು, ಒಂದರ ಸಿಲೇನ್ ಇನ್ನೊಂದಕ್ಕೆ ಸೋಕಿದರೆ ಆ ಜೋಡಿ ಕೆಲಸಕ್ಕೆ ಬರುವುದಿಲ್ಲ. ಸ್ಲೈಡಿನ ಮೇಲೆ ಜೋಡಿಸಿ ಸಿರಿಂಜ್ ಸೂಜಿಗಳನ್ನು ಎಪಾಕ್ಸಿಯಿಂದ ಕೂರಿಸುತ್ತೇವೆ. ಕ್ಲೋರೋಫಾರ್ಮಿಗೆ ಗಾಜಿನ ಸಿರಿಂಜೇ ಬೇಕು, ಪ್ಲಾಸ್ಟಿಕ್ ಸಿರಿಂಜಿನ ರಬ್ಬರ್ ಊದಿ ಜಾಮ್ ಆಗುತ್ತದೆ. ಇದೆಲ್ಲ ಫ್ಯೂಮ್ ಹುಡ್ ಒಳಗೇ. ಉಳಿದದ್ದನ್ನು ಸಿಂಕಿಗೆ ಸುರಿಯಬಾರದು, ಬೇರೆ ಬಾಟಲಿಗೆ.

ಒಳಗಿನ ನೀರಿಗೆ ಸುಕ್ರೋಸ್ ಮತ್ತು ಸ್ವಲ್ಪ ಬಣ್ಣ. ಮಧ್ಯದ್ದು ಡಿಒಪಿಸಿ ಅನ್ನುವ ಲಿಪಿಡ್ ಕರಗಿಸಿದ ಎಣ್ಣೆ, 36 ಪಾಲು ಕ್ಲೋರೋಫಾರ್ಮ್, 64 ಪಾಲು ಹೆಕ್ಸೇನ್. ಕ್ಲೋರೋಫಾರ್ಮ್ ನೀರಿಗಿಂತ ತುಂಬಾ ಭಾರ, ಹೆಕ್ಸೇನ್ ತುಂಬಾ ಹಗುರ, ಈ ಪ್ರಮಾಣದಲ್ಲಿ ಬೆರೆಸಿದರೆ ನೀರಿನ ಸಾಂದ್ರತೆಗೆ ಹತ್ತಿರ ಬರುತ್ತದೆ. ಹೊರಗಿನದು ಪಾಲಿವಿನೈಲ್ ಆಲ್ಕೋಹಾಲ್ ಕರಗಿಸಿದ ಮಂದ ನೀರು. ಶುರು ಮಾಡುವಾಗ ಹೊರಗಿನದು ಮೊದಲು, ಆಮೇಲೆ ಮಧ್ಯದ್ದು, ಕೊನೆಗೆ ಒಳಗಿನದು. ನಿಲ್ಲಿಸುವಾಗ ಉಲ್ಟಾ. ಈ ಕ್ರಮ ತಪ್ಪಿದರೆ ಎಣ್ಣೆ ಎದುರಿನ ನಳಿಕೆಗೆ ಹತ್ತಿಕೊಳ್ಳುತ್ತದೆ, ಅದನ್ನು ಬಿಡಿಸುವುದು ಕಷ್ಟ.

ಎಲ್ಲ ಹದಕ್ಕೆ ಬಂದಾಗ ತುದಿಯಿಂದ ಬಣ್ಣದ ನೀರು, ಅದನ್ನು ಸುತ್ತಿಕೊಂಡ ಎಣ್ಣೆಯ ತೆಳು ಗೆರೆ, ಎರಡೂ ಒಟ್ಟಿಗೆ ಎದುರಿನ ಬಾಯಿಯೊಳಗೆ ಹೋಗುತ್ತಾ ತುಂಡಾಗುತ್ತವೆ. ಸಂಗ್ರಹಿಸಿದ ಒಂದು ತೊಟ್ಟನ್ನು ಸ್ಲೈಡಿನ ಮೇಲೆ ಹಾಕಿ ಸುಮ್ನೆ ನೋಡುತ್ತಾ ಕೂರಬೇಕು. ನಿಜವಾದ ಕೆಲಸ ಆಗ ಶುರುವಾಗುತ್ತದೆ. ಮೊದಲು ಎಣ್ಣೆ ಪದರ ಸುತ್ತಲೂ ಒಂದೇ ದಪ್ಪ ಇರುತ್ತದೆ. ಕ್ಲೋರೋಫಾರ್ಮ್ ನೀರಿಗೆ ಕರಗಿ ಹೊರಡುತ್ತಾ ಹೋದಂತೆ ಉಳಿದ ಹೆಕ್ಸೇನಿನಲ್ಲಿ ಲಿಪಿಡ್‌ಗೆ ಇರಲು ಇಷ್ಟವಾಗುವುದಿಲ್ಲ, ಒಳಗಿನ ಪದರದ ಲಿಪಿಡ್ ಮತ್ತು ಹೊರಗಿನ ಪದರದ ಲಿಪಿಡ್ ಒಂದನ್ನೊಂದು ಸೆಳೆಯಲು ಶುರು ಮಾಡುತ್ತವೆ. ಎಣ್ಣೆ ಒಂದು ಪಕ್ಕಕ್ಕೆ ಸರಿಯುತ್ತದೆ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಗೆರೆಯೇ ಕಾಣದಷ್ಟು ತೆಳು. ಆಮೇಲೆ ಎಣ್ಣೆಯೆಲ್ಲ ಒಂದು ಗುಂಡು ಮಣಿಯಾಗಿ ಪಕ್ಕದಲ್ಲಿ ನೇತಾಡುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಮಣಿ ಕಳಚಿಕೊಂಡು ಹೋಗುತ್ತದೆ, ಪೊರೆ ಮಾತ್ರದ ಚೀಲ ಉಳಿಯುತ್ತದೆ. ಮೇಡಂ ಐಪೀಸಿನಿಂದ ಕಣ್ಣು ತೆಗೆಯದೆ "ಬಿಡ್ತು ಬಿಡ್ತು, ನೋಡು ಬಾ" ಅಂದರು. ಆ ಪೊರೆ ಚೀಲದ ವ್ಯಾಸಕ್ಕಿಂತ ಇಪ್ಪತ್ತು ಸಾವಿರ ಪಟ್ಟಿಗೂ ತೆಳು. ಅಷ್ಟು ತೆಳುವಾದದ್ದು ಬಣ್ಣವನ್ನು ಹೊರಗೆ ಬಿಡದೆ ಹಿಡಿದುಕೊಂಡಿರುತ್ತದೆ.

ಚೀಲ ಆದ ಮೇಲೆ ಉಪ್ಪು ಸಕ್ಕರೆಯ ಲೆಕ್ಕ ತಪ್ಪಬಾರದು. ನೀರು ಪೊರೆಯನ್ನು ದಾಟುತ್ತದೆ, ಸಕ್ಕರೆ ಸುಲಭಕ್ಕೆ ದಾಟುವುದಿಲ್ಲ. ಹೊರಗೆ ಸಾಂದ್ರತೆ ಜಾಸ್ತಿ ಆದರೆ ಚೀಲ ಸೊರಗಿ ಸುಕ್ಕಾಗುತ್ತದೆ, ಕಡಿಮೆ ಆದರೆ ಉಬ್ಬಿ ಒಡೆಯುತ್ತದೆ. ಒಳಗೆ ಸುಕ್ರೋಸ್, ಹೊರಗೆ ಅಷ್ಟೇ ಸಾಂದ್ರತೆಯ ಗ್ಲೂಕೋಸ್ ಇಟ್ಟರೆ ಇನ್ನೊಂದು ಲಾಭ ಇದೆ: ಸುಕ್ರೋಸ್ ದ್ರಾವಣ ಭಾರ, ಚೀಲಗಳು ತಳಕ್ಕೆ ಬಂದು ಕೂರುತ್ತವೆ, ಮೈಕ್ರೋಸ್ಕೋಪಿಗೆ ಒಂದೇ ಮಟ್ಟದಲ್ಲಿ ಸಿಗುತ್ತವೆ. ಏಪ್ರಿಲ್ ಬಿಸಿಲಲ್ಲಿ ತೆರೆದ ಸ್ಲೈಡಿನ ನೀರು ಆವಿಯಾಗಿ, ನೋಡನೋಡುತ್ತಿದ್ದಂತೆ ಚೀಲಗಳು ಸುಕ್ಕುಗಟ್ಟುತ್ತವೆ. ಕವರ್ ಸ್ಲಿಪ್ಪಿನ ಅಂಚಿಗೆ ವ್ಯಾಸಲೀನ್ ಬಳಿದು ಮುಚ್ಚಿದರೆ ತೊಂದರೆ ಇಲ್ಲ.

ಈಗ ಒಳಗೆ ಬಣ್ಣ ಮಾತ್ರ ಇದೆ. ಸ್ವಿಚ್ಚಿನ ಮಿಶ್ರಣ ಮೈಕ್ರೋಲೀಟರ್ ಲೆಕ್ಕದಲ್ಲಿ ಬರುತ್ತದೆ, ಸಿರಿಂಜ್ ತುಂಬುವಷ್ಟು ಕೊಳ್ಳಲು ನಮ್ಮ ಹತ್ತಿರ ದುಡ್ಡಿಲ್ಲ. ಅದಕ್ಕೆ ಸಿರಿಂಜಿನಲ್ಲಿ ಫ್ಲೋರಿನೇಟೆಡ್ ಎಣ್ಣೆ ತುಂಬಿ, ಟ್ಯೂಬಿನ ಮುಂದಿನ ತುದಿಗೆ ಮಾತ್ರ ಮಿಶ್ರಣವನ್ನು ಹೀರಿಕೊಂಡು, ಹಿಂದಿನಿಂದ ಎಣ್ಣೆಯಲ್ಲೇ ತಳ್ಳುವ ಏರ್ಪಾಡು ಮಾಡುತ್ತಿದ್ದೇವೆ. ಈ ಎಣ್ಣೆ ನೀರಿನ ಜೊತೆ ಬೆರೆಯುವುದಿಲ್ಲ, ಮಿಶ್ರಣವನ್ನು ಕೆಡಿಸುವುದಿಲ್ಲ. ಬಣ್ಣದ ನೀರಿನಲ್ಲಿ ಈ ರೀತಿ ತಳ್ಳಿ ನೋಡಿದ್ದೇವೆ, ಮಿಶ್ರಣ ಮುಗಿದು ಎಣ್ಣೆ ತುದಿಗೆ ಬರುವ ಮೊದಲೇ ಪಂಪ್ ನಿಲ್ಲಿಸಿದರೆ ಹನಿಗಳ ಅಳತೆ ಕೊನೆಯವರೆಗೂ ಹಾಗೇ ಇರುತ್ತದೆ.